ನಿಮ್ಮ ಫೈಲು ನಿಜವಾಗಿ ಎಲ್ಲಿದೆ?

ಹಬ್ಬ, ಅಡುಗೆ, ಪ್ರವಾಸದ ಬರಹಗಳು ಸಾಕಷ್ಟು ಬಂದಿವೆ, ಯಾರಾದರೂ ನಾವು ಇಲ್ಲಿ ಓದುವ ವಿಷಯವನ್ನೇ ಕನ್ನಡದಲ್ಲಿ ಬರೆದು ಕೊಡಿ ಅಂತ ಸಂಪಾದಕರು ಕೇಳಿದ್ದರಿಂದ ಈ ಲೇಖನ. ಕಂಪ್ಯೂಟರ್ ಸೈನ್ಸ್ ಓದದ ಮೆಕ್ಯಾನಿಕಲ್‌, ಬಯೋಟೆಕ್ ಗೆಳೆಯರಿಗೂ ಅರ್ಥವಾಗಲಿ ಅನ್ನೋದು ನನ್ನ ಆಸೆ, ಯಾಕಂದ್ರೆ ಇದರಿಂದ ತೊಂದರೆಗೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ಅವರೇ.

ಮೊದಲು ಒಂದೆರಡು ಒಗಟು. 40 ಜಿಬಿ ವಿಡಿಯೋ ಒಂದನ್ನು ಡೌನ್‌ಲೋಡ್ಸ್ ಫೋಲ್ಡರಿನಿಂದ ಪಕ್ಕದ ಫೋಲ್ಡರಿಗೆ ಎಳೆದು ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಅದನ್ನೇ ಪೆನ್‌ಡ್ರೈವಿಗೆ ಹಾಕಿ, ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ಇನ್ನು ಡಿಲೀಟ್ ಮಾಡಿದರೆ ಮತ್ತೆ ಕ್ಷಣಾರ್ಧ. ಬರೆಯಲು ಅಷ್ಟು ಹೊತ್ತು ಹಿಡಿದದ್ದು ಅಳಿಸಲು ಮಾತ್ರ ಹೊತ್ತೇ ಬೇಡವಾ? ಇನ್ನೊಂದು, ನಮ್ಮ ಜೂನಿಯರ್ ಒಬ್ಬನಿಗೆ ಆಗಿದ್ದು. ಥೀಸಿಸ್ ಸಲ್ಲಿಸಲು ಹತ್ತು ದಿನ ಇರುವಾಗ ಕ್ಲಸ್ಟರಿನಲ್ಲಿ ರಾತ್ರಿಯಿಡೀ ಓಡಬೇಕಿದ್ದ ಲೆಕ್ಕಾಚಾರ ನಡುರಾತ್ರಿಗೇ ನಿಂತುಹೋಯಿತು. ಕಾರಣ 'ಜಾಗ ಇಲ್ಲ'. ನೋಡಿದರೆ ಅವನಿಗೆ ಕೊಟ್ಟಿದ್ದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಿತ್ತು. ಇವೆಲ್ಲಕ್ಕೂ ಉತ್ತರ ಒಂದೇ ಕಡೆ ಇದೆ.

ಡಿಸ್ಕಿನ ಒಳಗೆ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಹಳದಿ ಬಣ್ಣದ ಫೋಲ್ಡರ್ ಚಿತ್ರ ನೋಡಿ ನೋಡಿ ನಮಗೆ ಒಂದು ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇದೆ ಅನ್ನಿಸಿಬಿಟ್ಟಿದೆ. ನನ್ನ ಪ್ರಕಾರ ಇಷ್ಟು ದಾರಿ ತಪ್ಪಿಸುವ ಚಿತ್ರ ಕಂಪ್ಯೂಟರಿನಲ್ಲಿ ಮತ್ತೊಂದಿಲ್ಲ. ಆಪರೇಟಿಂಗ್ ಸಿಸ್ಟಮ್ಮಿಗೆ ಡಿಸ್ಕ್ ಅಂದರೆ ನಂಬರ್ ಹಾಕಿದ ತುಂಡುಗಳ ಒಂದು ಉದ್ದನೆ ಸಾಲು, ಅಷ್ಟೇ. ಈ ತುಂಡಿಗೆ ಬ್ಲಾಕ್ ಅನ್ನುತ್ತಾರೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಒಂದು ಬ್ಲಾಕು ಸಾಧಾರಣವಾಗಿ 4096 ಬೈಟು. 1 ಟಿಬಿ ಡಿಸ್ಕಿನಲ್ಲಿ ಇಂಥವು ಸುಮಾರು 24 ಕೋಟಿ. ಈ 24 ಕೋಟಿ ತುಂಡುಗಳಲ್ಲಿ ಯಾವುದು ಯಾರದ್ದು, ಯಾವುದು ಖಾಲಿ, ಯಾವುದರ ನಂತರ ಯಾವುದನ್ನು ಓದಬೇಕು ಅಂತ ಲೆಕ್ಕ ಇಡುವ ಪದ್ಧತಿಯೇ ಫೈಲ್ ಸಿಸ್ಟಮ್.

ಈ ಲೆಕ್ಕ ಇಡುವ ರೀತಿ ಹಳ್ಳಿ ಕಡೆಯಿಂದ ಬಂದವರಿಗೆ ಬೇಗ ತಿಳಿಯುತ್ತದೆ. ಊರಲ್ಲಿ ಒಂದು ಜಮೀನಿಗೆ 'ಹುಣಸೆಮರದ ಹೊಲ' ಅಂತ ಕರೀತಾರೆ ಅಂದುಕೊಳ್ಳಿ. ಪಹಣಿಯಲ್ಲಿ ಆ ಹೆಸರು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಯಾರ ಹೆಸರಿಗಿದೆ, ಏನು ಬೆಳೆ, ಇತ್ಯಾದಿ. ಹೊಲದ ಹೆಸರು ಜನರ ಬಾಯಲ್ಲಿರುತ್ತದೆ, ದಾಖಲೆ ನಂಬರಿನ ಮೇಲಿರುತ್ತದೆ.

ಯುನಿಕ್ಸ್ ಮಾಡಿರುವುದೂ ಇದನ್ನೇ. ಪ್ರತಿ ಫೈಲಿಗೆ ಒಂದು ಪಹಣಿ ಇರುತ್ತದೆ, ಅದರ ಹೆಸರು ಐನೋಡ್. ಅದರಲ್ಲಿ ಫೈಲಿನ ಮಾಲೀಕ ಯಾರು, ಯಾರು ಓದಬಹುದು ಯಾರು ಬರೆಯಬಹುದು, ಎಷ್ಟು ಬೈಟು ಇದೆ, ಕೊನೆಗೆ ಬದಲಾದದ್ದು ಯಾವಾಗ, ಒಳಗಿನ ವಿಷಯ ಯಾವ ಯಾವ ಬ್ಲಾಕುಗಳಲ್ಲಿದೆ, ಎಲ್ಲ ಬರೆದಿರುತ್ತದೆ. ಇಎಕ್ಸ್‌ಟಿ4ನಲ್ಲಿ ಈ ಇಡೀ ಪಹಣಿ ಸಾಮಾನ್ಯವಾಗಿ 256 ಬೈಟಿನಲ್ಲಿ ಮುಗಿಯುತ್ತದೆ. ಅದರಲ್ಲಿ ಇಲ್ಲದ್ದು ಒಂದೇ, ಫೈಲಿನ ಹೆಸರು.

ಹಾಗಾದರೆ ಹೆಸರು ಎಲ್ಲಿದೆ? ಡೈರೆಕ್ಟರಿಯಲ್ಲಿ. ಡೈರೆಕ್ಟರಿ ಅಂದರೆ ಡಬ್ಬಿ ಅಲ್ಲ, ಅದೂ ಒಂದು ಫೈಲೇ. ಅದರೊಳಗೆ ಇರುವುದು ಒಂದು ಪಟ್ಟಿ: ಈ ಹೆಸರಿಗೆ ಈ ಐನೋಡ್ ನಂಬರು, ಆ ಹೆಸರಿಗೆ ಆ ನಂಬರು. ಹಳೇ ಟೆಲಿಫೋನ್ ಡೈರೆಕ್ಟರಿ ನೆನಪಿದ್ದರೆ ಇದು ಅದೇ ಡೈರೆಕ್ಟರಿ. ಫೋನ್ ಪುಸ್ತಕದೊಳಗೆ ಮನುಷ್ಯರು ಕೂತಿರುವುದಿಲ್ಲವಲ್ಲ, ಹಾಗೆ. ನಂಬುವುದು ಕಷ್ಟವಾದರೆ ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್ ತೆಗೆದು ಎಲ್‌ಎಸ್ ಆಜ್ಞೆಗೆ ಹೈಫನ್-ಐ ಸೇರಿಸಿ ಕೊಡಿ, ಪ್ರತಿ ಹೆಸರಿನ ಪಕ್ಕ ಅದರ ನಂಬರು ಕಾಣುತ್ತದೆ.

ಈಗ ಚೈತ್ರಾ ಅನ್ನುವ ಹುಡುಗಿ '/ಹೋಮ್/ಚೈತ್ರಾ/ಥೀಸಿಸ್/ಅಧ್ಯಾಯ3' ಅನ್ನು ತೆರೆಯುತ್ತಾಳೆ ಅನ್ನಿ. ಮೊದಲ ಗೆರೆಯೇ ಮೂಲ, ಅದಕ್ಕೆ ರೂಟ್ ಅನ್ನುತ್ತಾರೆ. ಇಎಕ್ಸ್‌ಟಿ4ನಲ್ಲಿ ರೂಟಿನ ಐನೋಡ್ ನಂಬರು ಯಾವಾಗಲೂ 2. ಎಲ್ಲಿಂದಲಾದರೂ ಶುರು ಮಾಡಲೇಬೇಕಲ್ಲ, ಅದಕ್ಕೇ ಇದನ್ನು ಮೊದಲೇ ನಿಗದಿ ಮಾಡಿಟ್ಟಿದ್ದಾರೆ. 2ನೇ ಪಹಣಿ ತೆಗೆದು, ಅದು ತೋರಿಸುವ ಬ್ಲಾಕು ಓದಿದರೆ ಒಂದು ಪಟ್ಟಿ ಸಿಗುತ್ತದೆ. ಅದರಲ್ಲಿ 'ಹೋಮ್' ಹುಡುಕಿ, ನಂಬರು ಹಿಡಿದು, ಆ ಪಹಣಿ ತೆಗೆದು, ಅದರ ಪಟ್ಟಿಯಲ್ಲಿ 'ಚೈತ್ರಾ' ಹುಡುಕಿ, ಹೀಗೆ ಮನೆಯಿಂದ ಮನೆಗೆ ವಿಚಾರಿಸಿಕೊಂಡು ಹೋದ ಹಾಗೆ ಹೋಗಬೇಕು. ಪ್ರತಿ ಹೆಜ್ಜೆಗೂ 'ಇವಳಿಗೆ ಈ ಡೈರೆಕ್ಟರಿ ದಾಟಲು ಅನುಮತಿ ಇದೆಯಾ' ಅಂತ ತಪಾಸಣೆ ಬೇರೆ. ಅದಕ್ಕೇ ಕೆಲವು ಸಲ ಫೈಲಿಗೆ ಎಲ್ಲ ಅನುಮತಿ ಕೊಟ್ಟಿದ್ದರೂ ಲ್ಯಾಬಿನ ಗೆಳೆಯನಿಗೆ ತೆರೆಯಲು ಬರುವುದಿಲ್ಲ. ಫೈಲಿನ ಬಾಗಿಲು ತೆರೆದಿದೆ, ಬೀದಿಯ ಗೇಟು ಹಾಕಿದೆ.

ಇಷ್ಟು ತಿಳಿದರೆ ಮೊದಲ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದೇ ಫೈಲ್ ಸಿಸ್ಟಮ್ಮಿನೊಳಗೆ 'ಮೂವ್' ಅಂದರೆ ಒಂದು ಪಟ್ಟಿಯಿಂದ ಹೆಸರು ತೆಗೆದು ಇನ್ನೊಂದು ಪಟ್ಟಿಗೆ ಬರೆಯುವುದು. 40 ಜಿಬಿಯಲ್ಲಿ ಒಂದು ಬೈಟೂ ಅಲುಗಾಡುವುದಿಲ್ಲ. ಪೆನ್‌ಡ್ರೈವಿನ ಲೆಕ್ಕವೇ ಬೇರೆ. ಇಲ್ಲಿಯ ನಂಬರಿಗೆ ಅಲ್ಲಿ ಅರ್ಥವಿಲ್ಲ, ಪಕ್ಕದ ತಾಲೂಕಿನ ಸರ್ವೆ ನಂಬರಿದ್ದ ಹಾಗೆ. ಆದ್ದರಿಂದ ಅಕ್ಷರಕ್ಷರ ನಕಲು ಮಾಡಿ, ಆಮೇಲೆ ಇಲ್ಲಿಯದನ್ನು ಅಳಿಸಬೇಕು.

ಹೆಸರು, ದಾಖಲೆ ಬೇರೆ ಬೇರೆ ಇದ್ದರೆ ಇನ್ನೊಂದು ಅನುಕೂಲ ಇದೆ. ಒಂದೇ ಹೊಲವನ್ನು ಈ ಊರಿನವರು 'ಹುಣಸೆಮರದ ಹೊಲ' ಅಂತಲೂ ಪಕ್ಕದ ಊರಿನವರು 'ಕೆರೆ ಕೆಳಗಿನದು' ಅಂತಲೂ ಕರೆಯಬಹುದು. ಹಾಗೆ ಒಂದೇ ಐನೋಡಿಗೆ ಎರಡು ಡೈರೆಕ್ಟರಿಗಳಲ್ಲಿ ಎರಡು ಹೆಸರು ಇಡಬಹುದು, ಇದಕ್ಕೆ ಹಾರ್ಡ್ ಲಿಂಕ್ ಅನ್ನುತ್ತಾರೆ. ಇದರಲ್ಲಿ 'ಅಸಲಿ' ಯಾವುದು, 'ನಕಲಿ' ಯಾವುದು ಅನ್ನೋ ಪ್ರಶ್ನೆಯೇ ಇಲ್ಲ, ಎರಡೂ ಅಸಲಿಯೇ. ಐನೋಡಿನಲ್ಲಿ 'ನನಗೆ ಎಷ್ಟು ಹೆಸರಿವೆ' ಅಂತ ಒಂದು ಎಣಿಕೆ ಇರುತ್ತದೆ. ನೀವು ಡಿಲೀಟ್ ಮಾಡಿದಾಗ ಯುನಿಕ್ಸ್‌ನಲ್ಲಿ ನಡೆಯುವ ಕೆಲಸಕ್ಕೆ ಇಟ್ಟಿರುವ ಹೆಸರೇ 'ಅನ್‌ಲಿಂಕ್'. ಅಂದರೆ ಅಳಿಸುವುದಲ್ಲ, ಕೊಂಡಿ ಕಳಚುವುದು. ಒಂದು ಹೆಸರು ಹೋಗುತ್ತದೆ, ಎಣಿಕೆ ಒಂದು ಕಡಿಮೆಯಾಗುತ್ತದೆ. ಸೊನ್ನೆಗೆ ಬಂದು, ಯಾವ ಪ್ರೋಗ್ರಾಮೂ ಆ ಫೈಲನ್ನು ತೆರೆದಿಟ್ಟುಕೊಂಡಿಲ್ಲ ಅಂತಾದಾಗ ಮಾತ್ರ ಅದರ ಬ್ಲಾಕುಗಳು ಬಿಡುಗಡೆ. ಕ್ಲಸ್ಟರಿನಲ್ಲಿ ದೊಡ್ಡ ಲಾಗ್ ಫೈಲ್ ಅಳಿಸಿದರೂ ಜಾಗ ವಾಪಸ್ ಬಾರದಿದ್ದರೆ, ಯಾವುದೋ ಪ್ರೋಗ್ರಾಮು ಅದನ್ನು ಇನ್ನೂ ಹಿಡಿದುಕೊಂಡಿದೆಯಾ ನೋಡಿ.

(ಶಾರ್ಟ್‌ಕಟ್ಟು, ಸಿಂಬಾಲಿಕ್ ಲಿಂಕು ಬೇರೆ. ಅವು 'ಅಂಗಡಿ ಇಲ್ಲಿಗೆ ಬದಲಾಗಿದೆ' ಅಂತ ಬಾಗಿಲಿಗೆ ಅಂಟಿಸಿದ ಚೀಟಿ ಇದ್ದಂತೆ. ಹೊಸ ಜಾಗದಲ್ಲೂ ಅಂಗಡಿ ಮುಚ್ಚಿದ್ದರೆ ಚೀಟಿ ಇದ್ದೂ ದಂಡ.)

ಬ್ಲಾಕು ಬಿಡುಗಡೆ ಅಂದೆನಲ್ಲ, ಅದು ಏನು ಅಂತ ಸ್ವಲ್ಪ ನಿಂತು ನೋಡೋಣ, ಯಾಕಂದ್ರೆ ಈ ಲೇಖನದಲ್ಲಿ ನಿಮ್ಮ ಜೇಬಿಗೆ ಹತ್ತಿರವಾದ ಭಾಗ ಇದೇ. ಯಾವ ಬ್ಲಾಕು ಖಾಲಿ, ಯಾವುದು ಭರ್ತಿ ಅಂತ ಒಂದು ನಕ್ಷೆ ಇರುತ್ತದೆ, ಬ್ಲಾಕಿಗೊಂದು ಬಿಟ್ಟು. ಬಿಡುಗಡೆ ಅಂದರೆ ಆ ನಕ್ಷೆಯಲ್ಲಿ 1 ಇದ್ದದ್ದನ್ನು 0 ಮಾಡುವುದು. ಬ್ಲಾಕಿನ ಒಳಗೆ ಬರೆದಿದ್ದು ಇದ್ದ ಹಾಗೇ ಇರುತ್ತದೆ, ಬೇರೆ ಫೈಲು ಬಂದು ಅದರ ಮೇಲೆ ಕೂರುವವರೆಗೆ. ಹಳೇ ಡಾಸ್‌ನಲ್ಲಿದ್ದ, ಇವತ್ತಿಗೂ ಪೆನ್‌ಡ್ರೈವುಗಳಲ್ಲಿ ಸಿಗುವ ಫ್ಯಾಟ್ ವ್ಯವಸ್ಥೆಯಲ್ಲಂತೂ ಇದು ಇನ್ನೂ ಸ್ವಾರಸ್ಯ. ಅಲ್ಲಿ ಐನೋಡ್ ಅನ್ನೋದೇ ಇಲ್ಲ, ಎಲ್ಲ ವಿವರವೂ ಡೈರೆಕ್ಟರಿ ಪಟ್ಟಿಯಲ್ಲೇ. ಡಿಲೀಟ್ ಮಾಡಿದರೆ ಹೆಸರಿನ ಮೊದಲ ಅಕ್ಷರ ಅಳಿಸಿ ಒಂದು ವಿಶೇಷ ಗುರುತು ಹಾಕುತ್ತದೆ, ಜೊತೆಗೆ ಜಾಗ ಖಾಲಿ ಅಂತ ಬರೆದುಕೊಳ್ಳುತ್ತದೆ. ಅದಕ್ಕೇ ಡಾಸ್ ಕಾಲದಲ್ಲಿ ಅಳಿಸಿದ ಫೈಲನ್ನು ಮರಳಿ ಪಡೆಯುವ ಪ್ರೋಗ್ರಾಮು 'ಮೊದಲನೇ ಅಕ್ಷರ ಯಾವುದಿತ್ತು ಹೇಳಿ' ಅಂತ ಬಳಕೆದಾರರನ್ನೇ ಕೇಳುತ್ತಿತ್ತು!

ಇಲ್ಲಿ ನಮ್ಮ ಭಾಷೆಯ ಒಂದು ಮಾತು. ಫೈಲ್‌ಗೆ ನಾವು 'ಕಡತ' ಅನ್ನುತ್ತೇವಲ್ಲ, ಅದು ಯಾರೋ ಸಮಿತಿಯವರು ಕೂತು ಹುಟ್ಟಿಸಿದ ಪದ ಅಲ್ಲ. ಬಟ್ಟೆಗೆ ಇದ್ದಿಲ ಪುಡಿ ಕಲಸಿದ ಸರಿ ಬಳಿದು, ಒಣಗಿಸಿ, ಮಡಚಿ ಪುಸ್ತಕದಂತೆ ಮಾಡಿ, ಬಿಳಿ ಬಳಪದಲ್ಲಿ ಬರೆಯುತ್ತಿದ್ದ ವಸ್ತು ಅದು. ವ್ಯಾಪಾರಿಗಳು, ಮಠಗಳು ಲೆಕ್ಕ ಇಡುತ್ತಿದ್ದದ್ದು ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತು. ಹಲಗೆಯಂತೆ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಡಿಸ್ಕಿಗೆ ಇದಕ್ಕಿಂತ ಒಳ್ಳೆ ಹೋಲಿಕೆ ನನಗೆ ಸಿಕ್ಕಿಲ್ಲ, ಒಂದೇ ವ್ಯತ್ಯಾಸ: ಕಂಪ್ಯೂಟರು ಒರೆಸುವ ಗೋಜಿಗೆ ಹೋಗದೆ 'ಈ ಪುಟ ಖಾಲಿ' ಅಂತ ಬರೆದಿಟ್ಟು ಕೈ ತೊಳೆದುಕೊಳ್ಳುತ್ತದೆ.

ಪ್ರತಿ ಸೆಮಿಸ್ಟರ್ ಕೊನೆಗೆ ಊರಿಗೆ ಹೊರಟವರು ಕುಕ್ಕರು, ಸೈಕಲ್ಲು, ಲ್ಯಾಪ್‌ಟಾಪು ಮಾರುವ ಮೆಸೇಜು ನಮ್ಮ ಗುಂಪಿನಲ್ಲಿ ಬರುತ್ತಲೇ ಇರುತ್ತವೆ. ಆ ಲ್ಯಾಪ್‌ಟಾಪಿನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನು, ವೀಸಾ ಅರ್ಜಿ, ಬ್ಲಾಕ್ಡ್ ಅಕೌಂಟಿನ ಪತ್ರ, ಬಾಡಿಗೆ ಕರಾರು, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಇದ್ದವು. ರೀಸೈಕಲ್ ಬಿನ್ನಿಗೆ ಹಾಕಿದರೆ ಅದು ಇನ್ನೊಂದು ಫೋಲ್ಡರಿಗೆ ಹೆಸರು ವರ್ಗಾವಣೆ, ಅಷ್ಟೇ. ಬಿನ್ ಖಾಲಿ ಮಾಡಿದರೆ ಕೊಂಡಿ ಕಳಚಿತು. ಕ್ವಿಕ್ ಫಾರ್ಮ್ಯಾಟ್ ಅಂದರೆ ಹೊಸ ಖಾಲಿ ಪಟ್ಟಿ ಬರೆಯುವುದು. ತಿರುಗುವ ಹಾರ್ಡ್ ಡಿಸ್ಕ್ ಆದರೆ ಈ ಮೂರರ ನಂತರವೂ ಪುಕ್ಕಟೆ ಸಿಗುವ ಪ್ರೋಗ್ರಾಮಿನಿಂದ ಬಹಳಷ್ಟು ಎತ್ತಬಹುದು. ಎಸ್‌ಎಸ್‌ಡಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಆಪರೇಟಿಂಗ್ ಸಿಸ್ಟಮ್ 'ಈ ಬ್ಲಾಕುಗಳು ಇನ್ನು ಬೇಡ' ಅಂತ ಡಿಸ್ಕಿಗೆ ಹೇಳಿಕಳಿಸುತ್ತದೆ, ಅದಕ್ಕೆ ಟ್ರಿಮ್ ಅನ್ನುತ್ತಾರೆ. ವಿಂಡೋಸ್ ಇದನ್ನು ಡಿಲೀಟ್ ಆದ ಕೂಡಲೆ ಹೇಳುತ್ತದೆ, ಉಬುಂಟು ವಾರಕ್ಕೊಮ್ಮೆ ಒಟ್ಟಿಗೆ ಹೇಳುತ್ತದೆ. ಡಿಸ್ಕು ತನ್ನ ಬಿಡುವಿನಲ್ಲಿ ನಿಜವಾಗಿಯೇ ಒರೆಸುತ್ತದೆ. ಆದರೆ ಅದು ಯಾವಾಗ ಒರೆಸುತ್ತದೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಭರವಸೆ ಇಡಬಹುದಾದ ದಾರಿ ಅಂದರೆ ಮೊದಲ ದಿನದಿಂದಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟುಕೊಳ್ಳುವುದು: ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್. ಆಗ ಮಾರುವ ದಿನ ಕೀಲಿ ನಾಶ ಮಾಡಿದರೆ ಸಾಕು, ಉಳಿದದ್ದು ಯಾರಿಗೂ ಓದಲಾಗದ ಕಸ.

ಇದರ ಇನ್ನೊಂದು ಮುಖ: ಥೀಸಿಸ್ ಫೈಲು ಅಪ್ಪಿತಪ್ಪಿ ಡಿಲೀಟ್ ಆಯಿತು ಅನ್ನಿ. ಆಗ ಗಾಬರಿಯಿಂದ ಅದೇ ಡಿಸ್ಕಿಗೆ ರಿಕವರಿ ಪ್ರೋಗ್ರಾಮು ಡೌನ್‌ಲೋಡ್ ಮಾಡಿದರೆ ಅದೇ ಹೋಗಿ ಆ ಖಾಲಿ ಬ್ಲಾಕುಗಳ ಮೇಲೆ ಕೂರಬಹುದು. ಮೊದಲು ಮೆಷೀನ್ ಆಫ್ ಮಾಡಿ, ಆಮೇಲೆ ಬೇರೆ ಮೆಷೀನಿನಿಂದ ಪ್ರಯತ್ನಿಸಿ. ಎಸ್‌ಎಸ್‌ಡಿಯಾದರೆ ಹೆಚ್ಚು ಆಸೆ ಬೇಡ.

ಇನ್ನು ನಮ್ಮ ಜೂನಿಯರ್ ಕತೆ. ಇಎಕ್ಸ್‌ಟಿ4 ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ ಎಷ್ಟು ಪಹಣಿ ಬೇಕಾಗಬಹುದು ಅಂತ ಅಂದಾಜು ಮಾಡಿ ಜಾಗ ಕಾದಿರಿಸುತ್ತಾರೆ. ಮಾಮೂಲಿ ಲೆಕ್ಕ 16,384 ಬೈಟಿಗೆ ಒಂದು ಐನೋಡು. ಚಿಕ್ಕ ಚಿಕ್ಕ ಫೈಲುಗಳನ್ನೇ ತುಂಬಿದರೆ ಬ್ಲಾಕು ಖಾಲಿ ಇದ್ದರೂ ಪಹಣಿ ಪುಸ್ತಕದ ಹಾಳೆ ಮುಗಿದುಹೋಗುತ್ತದೆ. ಹಾಳೆ ಇಲ್ಲದೆ ಹೊಲ ಯಾರ ಹೆಸರಿಗೂ ಆಗುವುದಿಲ್ಲ. ಸಿಸ್ಟಮ್ ಆಗಲೂ ಹೇಳುವುದು ಅದೇ 'ಜಾಗ ಇಲ್ಲ' ಅನ್ನೋ ಮಾತು, ಯಾವ ಜಾಗ ಅಂತ ಹೇಳುವುದಿಲ್ಲ. ವಿಶ್ವವಿದ್ಯಾಲಯಗಳ ಕ್ಲಸ್ಟರುಗಳಲ್ಲಿ ಬೇರೆ ಬೇರೆ ಫೈಲ್ ಸಿಸ್ಟಮ್ ಇರುತ್ತವೆ, ಆದರೂ ಒಬ್ಬೊಬ್ಬರಿಗೆ ಇಂತಿಷ್ಟು ಜಿಬಿ ಅನ್ನೋದರ ಜೊತೆ ಇಂತಿಷ್ಟೇ ಫೈಲು ಅನ್ನೋ ಮಿತಿ ಸಾಮಾನ್ಯ. ಇಮೇಜ್‌ನೆಟ್‌ನ ಪ್ರಸಿದ್ಧ ತರಬೇತಿ ಚಿತ್ರಗಳನ್ನು ಬಿಚ್ಚಿಟ್ಟರೆ ಅವೇ ಸುಮಾರು 12.8 ಲಕ್ಷ ಫೈಲು. ಪೈಥಾನ್‌ಗೆ ಒಂದೊಂದು ಪ್ರಾಜೆಕ್ಟಿಗೂ ಒಂದೊಂದು ಕೋಂಡಾ ಪರಿಸರ ಮಾಡಿಕೊಂಡರೆ ಒಂದರಲ್ಲೇ ಹತ್ತಾರು ಸಾವಿರ ಫೈಲು ಇರಬಹುದು. ನಮ್ಮ ಹುಡುಗನ ಪ್ರೋಗ್ರಾಮು ಪ್ರತಿ ಹೆಜ್ಜೆಗೂ ಒಂದು ಪುಟ್ಟ ಫೈಲು ಬರೆಯುತ್ತಿತ್ತು, ಒಂದೊಂದು ಮುನ್ನೂರು ಬೈಟು ಇದ್ದೀತು. ಡಿಎಫ್ ಆಜ್ಞೆಗೆ ಹೈಫನ್-ಐ ಸೇರಿಸಿದರೆ ಐನೋಡುಗಳ ಲೆಕ್ಕ ಸಿಗುತ್ತದೆ, ನಿಮ್ಮ ಪಾಲಿನ ಮಿತಿಗೆ ಕೋಟಾ ಆಜ್ಞೆ ಇರುತ್ತದೆ. ಪರಿಹಾರ ಸುಲಭವಿತ್ತು. ಎಲ್ಲವನ್ನೂ ಒಂದೇ ದೊಡ್ಡ ಫೈಲಿಗೆ ಸಾಲಾಗಿ ಬರೆಯುವ ಹಾಗೆ ನಾಲ್ಕು ಸಾಲು ಬದಲಾಯಿಸಿದ, ಹಳೆಯವನ್ನು ಟಾರ್ ಮಾಡಿ ಒಂದೇ ಮೂಟೆ ಕಟ್ಟಿದ. ಎರಡು ದಿನ ಹೋಯಿತು, ಥೀಸಿಸ್ ಉಳಿಯಿತು.

ಕರೆಂಟ್ ಹೋದರೆ ಏನಾಗುತ್ತದೆ ಅಂತ ಒಬ್ಬರು ಕೇಳಿದ್ದರು. ಹೆಸರು ಬರೆದಾಗಿದೆ, ಪಹಣಿ ಇನ್ನೂ ಬರೆದಿಲ್ಲ, ಅಷ್ಟರಲ್ಲಿ ಬ್ಯಾಟರಿ ಸತ್ತರೆ ಲೆಕ್ಕ ತಪ್ಪುತ್ತದೆ. ಅಂಗಡಿಯಲ್ಲಿ ಮೊದಲು ಕಿರ್ದಿ ಪುಸ್ತಕದಲ್ಲಿ ಗೀಚಿ, ನಂತರ ಖಾತೆಗೆ ಏರಿಸುವ ಹಾಗೆ ಇಎಕ್ಸ್‌ಟಿ4, ವಿಂಡೋಸಿನ ಎನ್‌ಟಿಎಫ್‌ಎಸ್ ಎರಡೂ ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ಳುತ್ತವೆ. ಆದರೆ ಗಮನಿಸಿ, ಮಾಮೂಲಿ ವ್ಯವಸ್ಥೆಯಲ್ಲಿ ಜರ್ನಲ್‌ಗೆ ಹೋಗುವುದು ಹೆಸರು, ಪಹಣಿ, ನಕ್ಷೆಯ ಲೆಕ್ಕ ಮಾತ್ರ. ಡಿಸ್ಕಿನ ಲೆಕ್ಕ ಸರಿಯಾಗಿರುತ್ತದೆ, ನಿಮ್ಮ ಕೊನೆಯ ಪ್ಯಾರಾ ಹೋಗಿರಬಹುದು.

ಈ ಮರದಂಥ ಏರ್ಪಾಡು ಯಾರು ತಂದರು? ಡೈರೆಕ್ಟರಿಯೊಳಗೆ ಡೈರೆಕ್ಟರಿ ಅನ್ನುವ ಯೋಚನೆ 1965ರಲ್ಲಿ ಮಲ್ಟಿಕ್ಸ್ ಯೋಜನೆಯ ಡೇಲಿ ಮತ್ತು ನ್ಯೂಮನ್ ಬರೆದ ಪ್ರಬಂಧದಲ್ಲಿ ಚೆನ್ನಾಗಿ ಬಂದಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ 1969ರಿಂದ ಯುನಿಕ್ಸ್ ಕಟ್ಟುವಾಗ ಅದನ್ನು ಸರಳ ಮಾಡಿಕೊಂಡರು. ಮೈಕ್ರೋಸಾಫ್ಟಿನ ಡಾಸ್‌ನ 1981ರ ಮೊದಲ ಆವೃತ್ತಿಯಲ್ಲಿ ಒಳ ಡೈರೆಕ್ಟರಿಯೇ ಇರಲಿಲ್ಲ, ಬಂದದ್ದು 1983ರ ಎರಡನೇ ಆವೃತ್ತಿಗೆ. ಅಷ್ಟರಲ್ಲಿ ಮುಂದಕ್ಕೆ ಬಾಗಿದ ಗೆರೆಯನ್ನು ಆಜ್ಞೆಗಳ ಆಯ್ಕೆಗೆ ಬಳಸಿಬಿಟ್ಟಿದ್ದರು. ಅದಕ್ಕೇ ವಿಂಡೋಸಿನ ಗೆರೆ ಇವತ್ತಿಗೂ ಹಿಂದಕ್ಕೆ ಬಾಗಿದೆ. ಎ, ಬಿ ಎರಡೂ ಫ್ಲಾಪಿಗೆ ಹೋದದ್ದರಿಂದ ಹಾರ್ಡ್ ಡಿಸ್ಕಿಗೆ ಸಿ ಬಂತು. ಫ್ಲಾಪಿ ಹೋಗಿ ಎಷ್ಟೋ ವರ್ಷವಾದರೂ ಸಿ ಹಾಗೇ ಕೂತಿದೆ.

ಕೊನೆಗೆ ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ. ಇಡಬಹುದು, ಇಡಿ. ಆದರೆ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ ಮಿತಿ 255 ಬೈಟು, ಅಕ್ಷರ ಅಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು, ಹಾಗಾಗಿ ಸಿಗುವುದು 85 ಸಂಕೇತ. ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅಂತ ಕಣ್ಣಿಗೆ ಕಾಣುವ ಒಂದೇ ಅಕ್ಷರಕ್ಕೆ 6 ಸಂಕೇತ, 18 ಬೈಟು. ಎನ್‌ಟಿಎಫ್‌ಎಸ್ ಬೈಟು ಎಣಿಸುವುದಿಲ್ಲ, ಅಲ್ಲಿ ಕನ್ನಡಕ್ಕೂ 255 ಸಂಕೇತ ಸಿಗುತ್ತದೆ. ವಿಂಡೋಸ್‌ನಲ್ಲಿ ಇಟ್ಟ ಉದ್ದನೆ ಕನ್ನಡ ಹೆಸರು ಲಿನಕ್ಸ್‌ಗೆ ನಕಲು ಮಾಡುವಾಗ 'ಹೆಸರು ತುಂಬಾ ಉದ್ದ' ಅಂತ ನಿಂತರೆ ಕಾರಣ ಇದು.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. 'ಕೋಲಾರ' ಅನ್ನುವಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಮೂರಾಗಿ ಬಿಡಿಸಿಯೂ ಬರೆಯಬಹುದು. ಯುನಿಕೋಡ್ ಪ್ರಕಾರ ಎರಡೂ ಒಂದೇ, ತೆರೆಯ ಮೇಲೂ ಒಂದೇ. ಆದರೆ ಮೊದಲನೆಯದು 15 ಬೈಟು, ಎರಡನೆಯದು 21. ಲಿನಕ್ಸ್‌ಗೆ ಹೆಸರು ಅಂದರೆ ಬೈಟುಗಳ ಸಾಲು ಅಷ್ಟೇ ಆದ್ದರಿಂದ ಒಂದೇ ಡೈರೆಕ್ಟರಿಯಲ್ಲಿ ಎರಡು 'ಕೋಲಾರ' ಆರಾಮಾಗಿ ಕೂರುತ್ತವೆ. ಮ್ಯಾಕಿನ ಹಳೇ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಮ್ಯಾಕಿಗೆ ಬಂದ ಎಪಿಎಫ್‌ಎಸ್ ಕೊಟ್ಟ ಹಾಗೇ ಇಟ್ಟುಕೊಂಡು, ಹುಡುಕುವಾಗ ಎರಡನ್ನೂ ಒಂದೇ ಅಂತ ನೋಡುತ್ತದೆ. ಹಳೇ ಮ್ಯಾಕಿನಿಂದ ಬಂದ ಫೋಲ್ಡರಿನಲ್ಲಿ ಫೈಲು ಕಣ್ಣೆದುರೇ ಇದ್ದು, ಲಿನಕ್ಸ್‌ನಲ್ಲಿ ನಿಮ್ಮ ಪ್ರೋಗ್ರಾಮು ಮಾತ್ರ 'ಇಂಥ ಫೈಲೇ ಇಲ್ಲ' ಅಂದರೆ ಮೊದಲು ಇದನ್ನು ಅನುಮಾನಿಸಿ. ಕೆಲವು ಕನ್ನಡ ಟೈಪಿಂಗ್ ತಂತ್ರಾಂಶಗಳು ಅರ್ಧಾಕ್ಷರದ ಕೊನೆಗೆ ಕಾಣದ ಒಂದು ಸಂಕೇತ ಸೇರಿಸುವುದೂ ಇದೆ, ಅದೂ ಇಂಥದ್ದೇ ಪೀಡೆ. ಪೈಥಾನ್‌ನಲ್ಲಿ ಯುನಿಕೋಡ್‌ಡೇಟಾ ಅನ್ನೋ ಮಾಡ್ಯೂಲು ಜೊತೆಗೇ ಬರುತ್ತದೆ. ಅದರ ನಾರ್ಮಲೈಸ್‌ಗೆ 'ಎನ್‌ಎಫ್‌ಸಿ' ಅಂತ ಹೇಳಿದರೆ ಬಿಡಿಸಿದ ಚಿಹ್ನೆಗಳನ್ನು ಕೂಡಿಸಿ ಕೊಡುತ್ತದೆ. ಕಾಣದ ಸಂಕೇತವನ್ನು ಮಾತ್ರ ಅದು ಮುಟ್ಟುವುದಿಲ್ಲ, ನೀವೇ ಬೇರೆಯಾಗಿ ತೆಗೆಯಬೇಕು.